ಕ್ಯಾಸೆಟ್ಟಿಗೆ ಉಗ್ಗಿದ ಭಂಡಾರ

ನಮ್ಮ ಮನೆಯವರು ಅವ್ವಣ್ಣ ಪುಣೆಯ ಒಂದು ವಿದ್ಯಾಪೀಠದಾಗ ಜವಾನರಿದ್ದರು. ಗಣಿತ, ವಿಜ್ಞಾನ ಹ್ಯಾಂಗ ಕಲಿಸಬೇಕಂತ ಮಾಸ್ತರರಿಗೆ ಹೇಳಿಕೊಡೋ ವಿಭಾಗ ಅದು. ಕಟ್ಟಡದ ಕೆಲಸಕ್ಕ ಬಂದ ನಮ್ಮ ಕಡೆಯವರ ಮಕ್ಕಳಿಗೆ ಒಮ್ಮೆ ಇವರೇ ಕನ್ನಡದಾಗ ಭಾಗಾಕಾರ ತಿಳಿಸಿ ಹೇಳಿದ್ದರು. ವಿಭಾಗದವರು ಅದನ್ನ ಕ್ಯಾಸೆಟ್ಟಿನಾಗ ಹಿಡಿದಿಟ್ಟಿದ್ದರು. ಇವರು ತೀರಿಕೊಂಡ ಮ್ಯಾಲೆ ಇವರ ದನಿ ಅಂತ ಉಳಿದದ್ದು ಅದೊಂದೇ.

ಹಳೇ ದಾಖಲೆ ಎಲ್ಲಾ ಕಂಪ್ಯೂಟರಿಗೆ ಹಾಕತಾರಂತ ಕೇಳಿ ಆ ವಿಭಾಗಕ್ಕ ಹೋದೆ. ಅಲ್ಲಿ ಕೆಲಸ ಮಾಡೋ ಸಾಯಲಿ ಅನ್ನೋ ಹುಡುಗಿ ಆ ಕ್ಯಾಸೆಟ್ ಹುಡುಕಿ ಹಚ್ಚಿದಳು. ಬರೀ ಸರಸರ ಸಪ್ಪಳ. ಬಿಚ್ಚಿ ನೋಡಿದರ ಒಳಗಿನ ಟೇಪು ಹಳದಿ ಹಿಡಿದು ಅಂಟಿಕೊಂಡಿತ್ತು.

"ಆಜಿ, ಇದಕ್ಕ ಒಗ್ಗರಣಿ ಹಾಕಿದ್ದರೇನು?" ಅಂದಳು.

"ಒಗ್ಗರಣಿ ಅಲ್ಲವ್ವಾ, ಪೂಜಾ ಮಾಡಿದ್ದು," ಅಂದೆ.

ಪ್ರತಿ ವರ್ಷ ದಸರಾದ ಖಂಡೇಪೂಜಾದಾಗ, ಆಯುಧಪೂಜಾದ ದಿನ, ಇವರು ಜೇಜುರಿ ಖಂಡೋಬನ ಗುಡಿಯಿಂದ ತಂದ ಭಂಡಾರದ ಅರಿಶಿಣ ವಿಭಾಗದ ಕ್ಯಾಸೆಟ್ಟಿಗೆಲ್ಲಾ ಉಗ್ಗತಿದ್ದರು. ತಮ್ಮ ದನಿ ಇದ್ದದ್ದಕ್ಕ ಒಂದು ಹಿಡಿ ಹೆಚ್ಚು ಉಗ್ಗಿದೆ ಅಂತ ಮನಿಗೆ ಬಂದು ನಗತಿದ್ದರು.

"ಸ್ವಚ್ಛ ಮಾಡಾಕ ಬರತದೇನವಾ?"

"ಇಲ್ಲ ಆಜಿ. ಎಲ್ಲಾ ಹಿಂಗ ಆಗ್ಯಾವ. ನಾಳೆ ಭಂಗಾರಿನವ ಬಂದು ಗುಜರಿಗೆ ಒಯ್ಯತಾನ."

ಇವರ ಮಾರಿ, ನಡಿಗಿ, ನಗೋ ರೀತಿ ಎಲ್ಲಾ ಇನ್ನೂ ಕಣ್ಮುಂದ ಅದ. ದನಿ ನೆನಸಿದರ ಮಾತ್ರ ಈಗ ಆ ಸರಸರನೇ ಕೇಳತದ.