ತಾಹಿರಾ ವಾಪಸ್ ತರಿಸಿದ ರೆಕ್ಕೆಗಳು

ಬೆಳಗಿನ ಐದೂಮುಕ್ಕಾಲು. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ತಾಹಿರಾ ಒಬ್ಬರೇ ನೆಲಕ್ಕೆ ಕೂತು, ಮೊಳೆ ಹೊಡೆದು ಮುಚ್ಚಿದ ಮರದ ಪೆಟ್ಟಿಗೆಯೊಂದನ್ನು ಬಿಚ್ಚುತ್ತಿದ್ದಾರೆ. ನಿನ್ನೆ ಸಂಜೆ ಎಲ್ಲ ಸರಿಯಾಗಿದೆ ಎಂದು ಅದರ ಚೀಟಿಗೆ ಸಹಿ ಹಾಕಿದವರೂ ಅವರೇ. ಏಳು ಗಂಟೆಗೆ ಅದು ವ್ಯಾನಿನಲ್ಲಿ ಚೆನ್ನೈಗೆ ಹೊರಡಬೇಕು.

ಬಲಗೈ ತೋರುಬೆರಳಿಗೆ ಒದ್ದೆ ಬಟ್ಟೆ ಸುತ್ತಿದೆ. ಏನಾಯಿತೆಂದು ಕೇಳಿದರೆ ಮೊಳೆಯಿಂದ ಕಣ್ಣು ತೆಗೆಯದೆ ಹೇಳುತ್ತಾರೆ: "ರೊಟ್ಟಿ ಹಾಕ್ತಿದ್ದೆ. ಸುಟ್ಟ ವಾಸನೆ ಬಂತು. ತಿರುಗಿಸಿ ನೋಡಿದ್ರೆ ರೊಟ್ಟಿ ಸೀದಿರ್ಲಿಲ್ಲ. ತವಾಗೆ ಅಂಟ್ಕೊಂಡಿದ್ದು ನನ್ನ ಬೆರಳು."

ನೋವಾಗಲಿಲ್ಲವೆ?

"ಇಲ್ಲ. ಅದಕ್ಕೇ ಓಡಿ ಬಂದೆ."

ಓಡಿ ಬಂದದ್ದು ಆಸ್ಪತ್ರೆಗಲ್ಲ, ಇಲ್ಲಿಗೆ.

ಪೆಟ್ಟಿಗೆಯಲ್ಲಿರುವುದು ಮೊಳದುದ್ದದ ಫೈಬರ್ ರೆಕ್ಕೆಗಳು. ಸಮುದ್ರದಲ್ಲಿ ತಿಂಗಳುಗಟ್ಟಲೆ ಒಂಟಿಯಾಗಿ ಸುತ್ತಿ, ನೀರಿನ ಬಿಸಿ, ಉಪ್ಪು ಅಳೆದು ಸುದ್ದಿ ಕಳಿಸುವ ಪುಟ್ಟ ದೋಣಿಯ ಕೆಳಗೆ ಇವು ಕೂರುತ್ತವೆ. ದೋಣಿಯಲ್ಲಿ ಎಂಜಿನ್ ಇಲ್ಲ, ಮನುಷ್ಯರೂ ಇಲ್ಲ. ಅಲೆ ಎತ್ತಿದಾಗಲೂ ಇಳಿಸಿದಾಗಲೂ ರೆಕ್ಕೆಗಳು ನೀರನ್ನು ಹಿಂದಕ್ಕೆ ತಳ್ಳುತ್ತವೆ, ದೋಣಿ ಮುಂದೆ ಹೋಗುತ್ತದೆ. ಅದಕ್ಕಾಗಿ ರೆಕ್ಕೆಯ ಮೇಲ್ಮೈಯ ಉಬ್ಬು ಹೇಗಿದೆಯೋ ಕೆಳಮೈಯದೂ ಹಾಗೇ ಇರಬೇಕು; ಎಡಗಡೆಯದು ಹೇಗೋ ಬಲಗಡೆಯದೂ ಹಾಗೇ. ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ದೋಣಿ ದಾರಿ ಬಿಟ್ಟು ಒಂದೇ ಕಡೆಗೆ ಎಳೆಯುತ್ತದೆ. ತಿದ್ದಲು ಅಲ್ಲಿ ಯಾರೂ ಇರುವುದಿಲ್ಲ.

ತಾಹಿರಾಗೆ ನಲವತ್ತಾರು. ಹದಿನಾಲ್ಕರಿಂದ ಮೂವತ್ತೆಂಟರವರೆಗೆ ಕುದಿನೀರಿನಲ್ಲಿ ಕೈಯಾಡಿಸಿ ಗೂಡಿನಿಂದ ರೇಷ್ಮೆ ತೆಗೆದವರು. ನೂಲು ಒಂದೆಳೆ ತೆಳುವಾದರೂ ಅವರ ಬೆರಳಿಗೆ ತಿಳಿಯುತ್ತಿತ್ತು. ಆ ಬೆರಳಿಗಾಗಿಯೇ ಎಂಟು ವರ್ಷದ ಹಿಂದೆ ಇಲ್ಲಿ ಸೇರಿಸಿಕೊಂಡರು. ದಿನಕ್ಕೆ ಆರು ರೆಕ್ಕೆ. ಒಂದೊಂದು ಮೈಗೆ ಎಮರಿ ಪೇಪರಿನಿಂದ ಇನ್ನೂರು ಸಲ ಉಜ್ಜಬೇಕು. ನೂರಕ್ಕೊಮ್ಮೆ ರೆಕ್ಕೆ ಮಗುಚುತ್ತಾರೆ; ದಣಿದ ಕೈ ಒಂದೇ ಮೈಯ ಪಾಲಾಗಬಾರದು. ಕೊನೆಗೆ ಕಣ್ಣು ಮುಚ್ಚಿ, ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ ಇಟ್ಟು ಉದ್ದಕ್ಕೂ ಸವರುತ್ತಾರೆ. ದಪ್ಪ ಅಳೆಯುವ ಉಪಕರಣವೇನೋ ಇದೆ. ಆದರೆ ಮೇಲೆ ಹೆಚ್ಚಾಗಿ ಸವೆದಷ್ಟೇ ಕೆಳಗೆ ಹೆಚ್ಚಾಗಿ ಉಳಿದಿದ್ದರೆ ಒಟ್ಟು ದಪ್ಪ ಸರಿಯಾಗೇ ಕಾಣುತ್ತದೆ, ಉಪಕರಣ ಮೋಸ ಹೋಗುತ್ತದೆ.

ಪೆಟ್ಟಿಗೆ ಮುಚ್ಚುವ ಕೆಲಸದ ಕೊಂಡಮ್ಮ ಬಂದವರೇ ಬಾಗಿಲಲ್ಲಿ ನಿಲ್ಲುತ್ತಾರೆ. "ಏನೇ ತಾಹಿರಾ, ನಾನು ಹೊಡೆದ ಮೊಳೆ ಕಂಡ್ರೆ ಏನೇ ನಿಂಗೆ ಅಷ್ಟು ಸಿಟ್ಟು?"

"ನಿನ್ನ ಮೊಳೆ ಸರಿಯಾಗಿದೆ ಕಣೇ. ನನ್ನ ಬೆರಳು ಸುಳ್ಳು ಹೇಳಿದೆ."

ಈಗ ಎಡಗೈಯಿಂದ ಸವರುತ್ತಿದ್ದಾರೆ. ಮೂರನೆಯ ರೆಕ್ಕೆಯ ನಡುವೆ ಕೈ ನಿಲ್ಲುತ್ತದೆ. ಹಿಂದೆ ಹೋಗಿ ಮತ್ತೆ ಬಂದು, ಅಲ್ಲೇ ನಿಲ್ಲುತ್ತದೆ. ಕೊಂಡಮ್ಮನ ನಗು ಹೋಗುತ್ತದೆ.

ಆರೂವರೆಗೆ ಮೇಸ್ತ್ರಿ ರಮೇಶ್‌ಬಾಬು ಬರುತ್ತಾರೆ. "ವ್ಯಾನ್ ಬರೋ ಹೊತ್ತಿಗೆ ಏನಮ್ಮಾ ಇದು ಆಟ?" ಎನ್ನುತ್ತಾ ಆ ರೆಕ್ಕೆಯ ದಪ್ಪ ಅಳೆಯುತ್ತಾರೆ. "ಸರಿಯಾಗೇ ಇದೆಯಲ್ಲ!"

"ಬೆರಳಿಗೆ ಜೋಮು ಹಿಡ್ದಿದೆ ಸಾರ್, ಏನೂ ತಿಳೀತಿಲ್ಲ. ಅಚ್ಚಿನ ಪಟ್ಟಿ ಇಡಿ. ದಿನಾ ಇಡೋ ಮೂರು ಗುರುತಲ್ಲಿ ಅಲ್ಲ, ಇಲ್ಲಿ."

ಉಬ್ಬಿನ ಆಕಾರಕ್ಕೆ ಕತ್ತರಿಸಿದ ಲೋಹದ ಪಟ್ಟಿ ಅದು. ತಾಹಿರಾ ತೋರಿಸಿದಲ್ಲಿ ಇಟ್ಟು, ರಮೇಶ್‌ಬಾಬು ಕಿಟಕಿಗೆ ಎತ್ತಿ ಹಿಡಿಯುತ್ತಾರೆ. ಪಟ್ಟಿಗೂ ರೆಕ್ಕೆಗೂ ನಡುವೆ ಬೆಳಕಿನ ಗೆರೆಯೊಂದು ತೂರಿ ಬರುತ್ತದೆ.

"ಯಾವಾಗಿಂದ ಹಿಂಗೆ?" ರಮೇಶ್‌ಬಾಬು ಕೇಳುತ್ತಾರೆ.

ನಿನ್ನೆಯಿಂದ ಎನ್ನಬಹುದಿತ್ತು. ಅಲ್ಲವೆನ್ನಲು ಯಾರಿಗೂ ಆಗುತ್ತಿರಲಿಲ್ಲ.

"ಗೊತ್ತಿಲ್ಲ ಸಾರ್. ಈ ತಿಂಗಳು ನಾನು ಮುಟ್ಟಿ ಕಳ್ಸಿದ್ದೆಲ್ಲಾ ವಾಪಸ್ ತರ್ಸಿ."

"ನಿಮ್ಮ ಕೆಲಸ ನಿಂತಿರೋದೇ ಆ ಬೆರಳ ಮೇಲೆ, ತಾಹಿರಮ್ಮ. ಯೋಚ್ನೆ ಮಾಡಿ ಹೇಳ್ತಿದೀರಾ?"

"ದಾರಿಯುದ್ದಕ್ಕೂ ಅದೇ ಯೋಚ್ನೆ ಮಾಡ್ಕೊಂಡು ಬಂದೆ ಸಾರ್."

ಚೆನ್ನೈನಲ್ಲಿ ಕೂತು ದೋಣಿಗಳ ದಾರಿ ನೋಡಿಕೊಳ್ಳುವ ಎಂಜಿನಿಯರ್ ಹರಿತಾಗೆ ಫೋನ್ ಹೋಗುತ್ತದೆ. ಈ ತಿಂಗಳು ಕಳಿಸಿದ ನಾಲ್ಕು ಪೆಟ್ಟಿಗೆಗಳಲ್ಲಿ ಮೂರು ಇನ್ನೂ ಅಲ್ಲಿನ ಗೋಡೌನಿನಲ್ಲಿವೆ. ನಾಲ್ಕನೆಯದರ ರೆಕ್ಕೆಗಳು ದೋಣಿಗೆ ಕೂತು, ನೀರಿಗಿಳಿದು ಒಂಬತ್ತು ದಿನ.

"ಸಾರ್," ಹರಿತಾಳ ದನಿ ಬರುತ್ತದೆ, "ಅದು ಮೊದಲ್ನೇ ದಿನದಿಂದ ಎಡಕ್ಕೇ ಎಳೀತಿದೆ. ನಾವು ನೀರಿನ ಸೆಳೆತ ಅನ್ಕೊಂಡಿದ್ವಿ. ಚುಕ್ಕಾಣಿ ತಿರುಗಿಸಿ ತಿರುಗಿಸಿ ನೇರ ಇಡಕ್ಕೆ ಹೋಗಿ ಅದರ ಬ್ಯಾಟರಿ ಖಾಲಿಯಾಗ್ತಾ ಇದೆ. ಇನ್ನೊಂದು ವಾರ ಬಿಟ್ಟಿದ್ರೆ ಕೈತಪ್ಪಿ ಹೋಗ್ತಿತ್ತು. ಈಗ್ಲೇ ದಡದ ಕಡೆ ತಿರುಗಿಸ್ತೀನಿ. ಇದನ್ನ ಹೇಳಿದ್ದು ಯಾರು?"

ರಮೇಶ್‌ಬಾಬು ಫೋನನ್ನು ತಾಹಿರಾ ಕಡೆ ಚಾಚುತ್ತಾರೆ. ಅವರು ತೆಗೆದುಕೊಳ್ಳುವುದಿಲ್ಲ.

ವ್ಯಾನು ಖಾಲಿ ಹೋಗುತ್ತದೆ. ಮೊದಲು ಆಸ್ಪತ್ರೆಗೆ ನಡೆಯಿರಿ, ಕೆಲಸದ ಮಾತು ಆಮೇಲೆ ಎನ್ನುತ್ತಾರೆ ರಮೇಶ್‌ಬಾಬು. ಆ ಮಾತು ಏನಾಗಬಹುದೆಂದು ತಾಹಿರಾ ಕೇಳುವುದಿಲ್ಲ. ಚಪ್ಪಲಿ ಮೆಟ್ಟುತ್ತಾ ಇಷ್ಟು ಮಾತ್ರ ಹೇಳುತ್ತಾರೆ:

"ಆ ದೋಣಿ ದಡಕ್ಕೆ ಬಂದ್ರೆ ರೆಕ್ಕೆ ಬಿಸಾಕ್ಬೇಡಿ ಅನ್ನಿ ಸಾರ್. ಇಲ್ಗೆ ಕಳ್ಸಕ್ಕೆ ಹೇಳಿ. ನಾನು ಎಷ್ಟು ತಪ್ಪಿದೀನಿ ಅಂತ ಈ ಎಡಗೈಗೆ ಗೊತ್ತಾಗ್ಬೇಕು."