ಅಂಟಕ್ಕ ತಟ್ಟಿ ನೋಡಿದ ಗೋಡೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊಸದಾಗಿ ಕಟ್ಟಿರುವ ಮಕ್ಕಳ ಆಸ್ಪತ್ರೆಯ ಮುಂಗೋಡೆಗೆ ನಿಲ್ಲಿಸಿದ ಪೈಪು-ಹಲಗೆಗಳ ಸಾರುವೆಯ ಮೇಲೆ, ಗಂಡನ ಹಳೇ ಶರ್ಟು ತೊಟ್ಟು ಸೊಂಟಕ್ಕೆ ಬೆಲ್ಟು ಬಿಗಿದ ಹೆಂಗಸೊಬ್ಬರು ಗೋಡೆಗೆ ಕಿವಿ ಹಚ್ಚಿ ನಿಂತಿದ್ದಾರೆ. ಕೈಯಲ್ಲಿ ಗಾರೆ ಬಳಿಯುವ ಕರಣೆ. ಅದರ ಮರದ ಹಿಡಿಯಿಂದ ಒಂದು ಕಲ್ಲನ್ನು ತಟ್ಟುತ್ತಾರೆ, ಕೇಳುತ್ತಾರೆ, ಪಕ್ಕದ ಕಲ್ಲಿಗೆ ಹೋಗುತ್ತಾರೆ. ಟಕ್. ಟಕ್. ಟಕ್. ಕೆಳಗೆ ನಿಂತ ನನಗೆ ಎಲ್ಲವೂ ಒಂದೇ ಸದ್ದು.

"ಯಾರದೋ ಮನೆ ಬಾಗಿಲು ತಟ್ಟೋ ಹಾಗೆ ತಟ್ತಾಳೆ ನೋಡಿ. ಒಳಗಿಂದ ಯಾರೂ ಬರಲ್ಲ ಕಣೇ ಅಂದ್ರೆ ಕೇಳಲ್ಲ," ಎನ್ನುತ್ತಾರೆ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತ ಅವರ ಗಂಡ. ಮೇಲಿಂದ ತಕ್ಷಣ ಉತ್ತರ ಬರುತ್ತದೆ: "ಸುಮ್ನಿರ್ರೀ, ಕೇಳಿಸ್ತಿಲ್ಲ!"

ಈಕೆಯನ್ನು ಎಲ್ಲರೂ ಕರೆಯುವುದು ಅಂಟಕ್ಕ ಎಂದು. ಕೆಲಸ, ಕಟ್ಟಡದ ಹೊರಗೋಡೆಗೆ ಕಾಡುಕಲ್ಲು ಅಂಟಿಸುವುದು. ಚೌಕಾಕಾರದ ಟೈಲ್ಸ್ ಅಂದುಕೊಳ್ಳಬೇಡಿ. ಒಂದು ಕಲ್ಲಿದ್ದ ಹಾಗೆ ಇನ್ನೊಂದಿರುವುದಿಲ್ಲ. ಮೂಲೆ ಮುರಿದದ್ದು, ಮೂಗು ಚಾಚಿದ್ದು, ಹೊಟ್ಟೆ ಉಬ್ಬಿದ್ದು, ಲಾರಿಯಿಂದ ರಾಶಿ ಸುರಿದಾಗ ನಾನಾದರೆ ಇದೆಲ್ಲ ಕಸ ಎಂದು ಬಾಚಿ ಹಾಕಿಬಿಡುತ್ತಿದ್ದೆ. ಆ ರಾಶಿ ಇವರ ಕೈಯಲ್ಲಿ ಗೋಡೆಯಾಗುತ್ತದೆ, ಬೆಟ್ಟದ ಮೈಯನ್ನೇ ಸುಲಿದು ತಂದು ಹೊದಿಸಿದಂತೆ. ಈ ಗೋಡೆಯ ಮುಂದೆ ಮೊದಲ ದಿನ ಬೆರಗಾಗಿ ನಿಂತೆ. ಇವರ ಬಗ್ಗೆ ಬರೆಯಲೆಂದು ಬಂದ ನಾನು ಒಂದು ವಾರದಿಂದ ಕೆಲಸಕ್ಕೆ ಚಕ್ಕರ್ ಹೊಡೆದವಳಂತೆ ಇಲ್ಲೇ ಸುತ್ತುತ್ತಿದ್ದೇನೆ, ಬೆರಗು ಇನ್ನೂ ಇಳಿದಿಲ್ಲ.

ದಿನಕ್ಕೆ ಎಷ್ಟು ಗೋಡೆ ಮುಗಿಯುತ್ತದೆ ಎಂದು ಕೇಳಿದೆ. "ಕಲ್ಲು ಒಪ್ಪಿದ್ರೆ ಎರಡು ಮಂಚದಷ್ಟು. ಮುನಿಸಿಕೊಂಡ್ರೆ ಒಂದು ದಿಂಬಿನಷ್ಟೂ ಆಗಲ್ಲ," ಎಂದರು. ಮುನಿಸು ಎಂದರೆ? ನಾಲ್ಕು ಕಲ್ಲಿನ ಮೂಲೆಗಳು ಒಂದೇ ಕಡೆ ಬಂದು ಸೇರಬಾರದು. ಸಂದುಗಳು ಒಂದರ ಮೇಲೊಂದು ಸಾಲುಗಟ್ಟಿ ಗೆರೆಯಾಗಬಾರದು. ಉದ್ದನೆಯ ಕಲ್ಲು ಅಡ್ಡಡ್ಡ ಮಲಗಿರಬೇಕು, ಎದ್ದು ನಿಲ್ಲಬಾರದು. "ನಿಂತ ಕಲ್ಲು ನೋಡೋರನ್ನೂ ಕೂತ್ಕೊಳ್ಳೋಕೆ ಬಿಡಲ್ಲ ಮೇಡಂ. ಏನೋ ಆತುರ ಇದ್ದ ಹಾಗೆ ಕಾಣುತ್ತೆ." ಅಂದಿನಿಂದ ನನಗೆ ಊರಿನ ಯಾವ ಗೋಡೆ ಕಂಡರೂ ನಿಂತ ಕಲ್ಲುಗಳೇ ಕಣ್ಣಿಗೆ ಬೀಳುತ್ತಿವೆ, ಈಕೆಯ ದಯೆ!

ಇಷ್ಟೆಲ್ಲ ಕಲಿಸಿದವರು ಬಕೆಟ್ಟಿನ ಮೇಲೆ ಕುಳಿತಿರುವ ಗಂಡ. ಈ ಕಸುಬಿನ ಮೇಸ್ತ್ರಿ ಅವರು, ಒಂದು ಕಾಲಕ್ಕೆ ಅವರದೇ ಹೆಸರು. ಆಗ ಹೆಂಡತಿಯದು ನೆಲದ ಕೆಲಸ, ಕಲ್ಲಿನ ಬೆನ್ನು ತೊಳೆಯುವುದು. ಒಂದು ದಿನ ಹಲಗೆ ಜಾರಿ ಮೇಸ್ತ್ರಿ ಕೆಳಗೆ ಬಿದ್ದರು, ಸೊಂಟದ ಮೂಳೆ ಮುರಿಯಿತು. ಮತ್ತೆ ಅವರು ಏಣಿ ಹತ್ತಲಿಲ್ಲ. ಅರ್ಧ ಮುಗಿದ ಗೋಡೆ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಬೆನ್ನು ತೊಳೆಯುತ್ತಿದ್ದವರು ಸೆರಗು ಬಿಗಿದು ಮೇಲೆ ಹತ್ತಿದರು. ಗಂಡ ಕೆಳಗಿಂದ ಕೂಗಿ ಕೂಗಿ ಹೇಳಿಕೊಟ್ಟರು.

"ಕೂಗಿದ್ದು ಅಂದ್ರೆ ಬೈದಿದ್ದು ಅಂತ ಬರ್ಕೊಳ್ಳಿ," ಎನ್ನುತ್ತಾರೆ ಅಂಟಕ್ಕ.

"ಬೈಯದೆ ಮತ್ತೇನು? ಮೊದಲನೇ ದಿನ ಒಂದು ಕಲ್ಲು ಸೊಟ್ಟಗೆ ಕೂರಿಸಿದ್ಲು. ನಾಳೆ ಕಿತ್ತು ಹಾಕು ಅಂದೆ. ಮಾರನೇ ದಿನ ಉಳಿ ಹಿಡಿದು ಕೂತ್ರೆ ಉಳಿ ಮುರೀತೇ ಹೊರತು ಕಲ್ಲು ಅಲುಗಾಡ್ಲಿಲ್ಲ. ಆವತ್ತಿಂದ ಇವಳು ಅಂಟಕ್ಕ," ಎಂದು ಗಂಡ ಹೆಮ್ಮೆ ಮುಚ್ಚಿಡಲಾರದೆ ನಗುತ್ತಾರೆ. ಆ ಸೊಟ್ಟ ಕಲ್ಲು ಈಗಲೂ ಅಲ್ಲೇ ಇದೆಯಂತೆ.

ಈಗ ಕೆಲಸ ಅದಲುಬದಲು. ಬೆನ್ನು ತೊಳೆಯುವುದು ಮೇಸ್ತ್ರಿಯ ಪಾಲಿಗೆ ಬಂದಿದೆ. ಕತ್ತರಿಸಿದ ಕಲ್ಲಿನ ಹಿಂಬದಿಗೆ ಪುಡಿ ಮೆತ್ತಿಕೊಂಡಿರುತ್ತದೆ. ಅದನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಒಳ್ಳೇ ನೀರು ಸುರಿದು, ಕೊನೆಗೆ ಹೆಬ್ಬೆರಳಿನಿಂದ ಒತ್ತಿ ಸವರಬೇಕು. ಬೆರಳು ಬೆಳ್ಳಗಾಗದಿದ್ದರೆ ಸರಿ. ಪುಡಿ ಉಳಿದರೆ ಗಾರೆ ಪುಡಿಗೆ ಅಂಟುತ್ತದೆ, ಕಲ್ಲಿಗೆ ಅಂಟುವುದಿಲ್ಲ. ದೊಡ್ಡ ಚಪ್ಪಡಿಗಾದರೆ ಹಿಂದೆ ಕಬ್ಬಿಣದ ಕೊಕ್ಕೆ ಇರುತ್ತದೆ, ತಲೆಗಾತ್ರದ ಈ ಕಲ್ಲುಗಳಿಗೆ ಬೆನ್ನಿನ ಗಾರೆಯೇ ಗತಿ. "ಈ ಕಲ್ಲು ತೊಳೆಯೋ ತೊಟ್ಟಿ ಒಂದು ಇದೆ ಅಂತ ನಾನೂ ಬೆಳಗ್ಗೆ ಎದ್ದು ಹೊರಡ್ತೀನಿ. ಇದೂ ಹೋದ್ರೆ ಮನೆ ಮೂಲೆ ಹಿಡಿಯೋದೇ," ಎಂದು ಮೇಸ್ತ್ರಿ ಮೊನ್ನೆ ನನಗೆ ಹೇಳಿದ್ದರು. ಹೇಳುವಾಗ ನಗುತ್ತಿರಲಿಲ್ಲ.

ಇವತ್ತು ಸಾರುವೆ ಬಿಚ್ಚುವ ದಿನ. ಕೊನೆಯ ಸಲ ಇಡೀ ಗೋಡೆಯನ್ನು ತಟ್ಟಿ ಕೇಳದೆ ಅಂಟಕ್ಕ ಯಾವ ಕಟ್ಟಡವನ್ನೂ ಬಿಟ್ಟುಹೋಗುವುದಿಲ್ಲ. ಗೋಡೆಯ ತುದಿಯಿಂದ ಶುರು ಮಾಡಿ ಒಂದೊಂದೇ ಹಲಗೆ ಕೆಳಗಿಳಿಯುತ್ತ, ಮುಂಬಾಗಿಲಿನ ನೇರಕ್ಕೆ, ಅದರ ನೆತ್ತಿಯ ಮೇಲಿನ ಸಾಲಿಗೆ ಬಂದಿದ್ದಾರೆ. ಟಕ್. ಟಕ್. ಆಮೇಲೆ ಸದ್ದಿಲ್ಲ. ಮತ್ತೆ ಅದೇ ಕಲ್ಲನ್ನು ತಟ್ಟುತ್ತಾರೆ.

ಬಕೆಟ್ಟಿನ ಮೇಲಿದ್ದ ಮೇಸ್ತ್ರಿ ಎದ್ದು ನಿಂತರು. ನನಗೆ ಕೇಳಿಸದ್ದು ಅವರಿಗೆ ಅಷ್ಟು ಕೆಳಗಿಂದಲೂ ಕೇಳಿಸಿತ್ತು. "ಪೊಳ್ಳು," ಎಂದರು ಮೆಲ್ಲಗೆ. ಕಲ್ಲಿನ ಬೆನ್ನು ಗಾರೆಗೆ ಅಂಟಿಲ್ಲ ಎಂದರ್ಥ.

ಅಷ್ಟರಲ್ಲಿ ಸಾರುವೆಯವನ ಲಾರಿಯೂ ಬಂತು, ಹಿಂದೆಯೇ ಸೂಪರ್‌ವೈಸರ್ ಕೂಡ ಬಂದರು. ಒಳ್ಳೆಯ ಮನುಷ್ಯ, ನಿದ್ದೆಗೆಟ್ಟ ಕಣ್ಣು. ವಿಷಯ ಕೇಳಿ ತಲೆಮೇಲೆ ಕೈ ಹೊತ್ತರು. "ಬಿಡಿ ಅಕ್ಕ, ಕೂತೇ ಇದ್ಯಲ್ಲ. ಸುತ್ತ ಇರೋ ಕಲ್ಲುಗಳು ಹಿಡ್ಕೊಂಡಿರ್ತವೆ. ಯಾರಿಗೆ ಗೊತ್ತಾಗುತ್ತೆ?"

"ಈ ಬಾಗಿಲಲ್ಲಿ ಯಾರೋ ಮಗೂನ ಎತ್ಕೊಂಡು ನಿಂತಿರ್ತಾರಲ್ಲಪ್ಪ, ಅವರಿಗೆ ಗೊತ್ತಾಗುತ್ತೆ," ಎಂದರು ಅಂಟಕ್ಕ. ಎಂದವರೇ ಸುತ್ತಲಿನ ಸಂದಿಗೆ ಉಳಿ ಇಟ್ಟರು.

ಅಕ್ಕಪಕ್ಕದ ಕಲ್ಲುಗಳು ನಡುಗದಂತೆ, ಸುತ್ತಿಗೆಯನ್ನು ಹೊಡೆದೂ ಹೊಡೆಯದಂತೆ ಆಡಿಸುತ್ತ ಒಂದು ಕಲ್ಲನ್ನು ಬಿಡಿಸುವುದಿದೆಯಲ್ಲ, ಅದನ್ನು ನೋಡಿಯೇ ತಿಳಿಯಬೇಕು. ಸಂದಿನ ಗಾರೆ ಉದುರಿತು. ಕಲ್ಲು ಒಂಚೂರೂ ಹಟ ಮಾಡದೆ, ಸುಮ್ಮನೆ ಅವರ ಅಂಗೈಗೆ ಬಂತು. ಇಷ್ಟು ಸಲೀಸಾಗಿ ಬಂದದ್ದು ನೋಡಿ ಸೂಪರ್‌ವೈಸರ್ ಮುಖ ಬಿಳಿಚಿಕೊಂಡಿತು. ಒಂದು ಮಳೆಗಾಲ ಕಳೆದಿದ್ದರೆ ತಾನಾಗಿಯೇ ಬರುತ್ತಿತ್ತು, ಯಾರ ತಲೆಯ ಮೇಲೋ.

ಅಂಟಕ್ಕ ಕಲ್ಲಿನ ಬೆನ್ನು ತಿರುಗಿಸಿ ನೋಡಿದರು. ಹೆಬ್ಬೆರಳಿನಿಂದ ಸವರಿದರು. ಬೆರಳನ್ನು ಶರ್ಟಿಗೆ ಒರೆಸಿಕೊಂಡರು. ಆ ಕಲ್ಲನ್ನು ಹಲಗೆಯ ಮೇಲಿಟ್ಟು, ಬಾಗಿಲ ಮೇಲಿನ ಸಾಲಿನ ಉಳಿದ ಕಲ್ಲುಗಳನ್ನೆಲ್ಲ ಇನ್ನೊಮ್ಮೆ ತಟ್ಟಿದರು. ಅವೆಲ್ಲ ಗಟ್ಟಿಯಾಗಿದ್ದವು. ಆಮೇಲೆ ಕೆಳಗಿಳಿದರು.

"ಹೀಗಾಗಿದ್ದು ಹೇಗೆ?" ಎಂದು ಸೂಪರ್‌ವೈಸರ್ ಕೇಳಿದರು. ದನಿ ಬಿಗಿಯಾಗಿತ್ತು. "ತೊಳೆಯೋದ್ರಲ್ಲಿ ತಪ್ಪಾಗಿದ್ರೆ ಹೇಳಿ ಅಕ್ಕ. ಆ ಕೆಲಸಕ್ಕೆ ಬೇರೆಯವರನ್ನ ಹಾಕ್ತೀನಿ. ಇದು ಆಸ್ಪತ್ರೆ."

"ನಂದೇ ತಪ್ಪು. ಕಲಸಿದ ಗಾರೆ ಬಿಗಿದುಕೊಂಡುಬಿಟ್ಟಿತ್ತು. ಬಿಸಾಕೋಕೆ ಮನಸ್ಸಾಗ್ದೆ ಹಚ್ಚಿಬಿಟ್ಟೆ," ಎಂದರು ಅಂಟಕ್ಕ, ಕಣ್ಣು ಮಿಟುಕಿಸದೆ.

"ಸುಳ್ಳು. ನಂಬಬೇಡಿ," ಎಂದರು ಮೇಸ್ತ್ರಿ. "ನಾನು ತೊಳೆದ ಕಲ್ಲು ಅದು. ಬಾಗಿಲ ಮೇಲಿನ ಸಾಲು ಹಾಕಿದ ಸಂಜೆ ನಲ್ಲಿ ನಿಂತುಹೋಯ್ತು. ಆ ಕಡೆ ರಸ್ತೆಯಿಂದ ನೀರು ಹೊತ್ಕೊಂಡು ಬರ್ಬೇಕಿತ್ತು. ಸೊಂಟ ಹಿಡ್ಕೊಂಡಿತ್ತು. ಕೊನೇ ಕಲ್ಲು ತಾನೇ ಅಂತ ತೊಟ್ಟಿಯ ಬಗ್ಗಡದ ನೀರಲ್ಲೇ ಅದ್ದಿ ಕೊಟ್ಬಿಟ್ಟೆ. ಬೆರಳಲ್ಲಿ ಸವರಿ ನೋಡ್ಲಿಲ್ಲ. ಅವಳು ನನ್ನ ನಂಬಿ ಅಂಟಿಸಿದ್ಲು."

ಬಗ್ಗಡದಲ್ಲಿ ಅದ್ದಿದ ಕಲ್ಲಿಗೆ ಕಣ್ಣಿಗೆ ಕಾಣದ ತೆಳು ಕೆಸರಿನ ಪದರ ಅಂಟಿಕೊಂಡು, ಒಣಗಿ ಪುಡಿಯಾಗಿತ್ತು. ಇಷ್ಟೇ. ಮೇಸ್ತ್ರಿ ತಲೆ ತಗ್ಗಿಸಿ ನಿಂತಿದ್ದರು. ನನಗೆ ಸಂಕಟವಾಯಿತು. ಒಂದು ಕೊಡ ನೀರಿಗೆ ಇಷ್ಟು ವರ್ಷದ ಮರ್ಯಾದೆ ಹೋಗಿಬಿಡುತ್ತದಲ್ಲ ಎಂದು ಹೆದರಿಕೆಯೂ ಆಯಿತು. ಸೂಪರ್‌ವೈಸರ್ ಏನು ಹೇಳುತ್ತಾರೋ ಎಂದು ಎಲ್ಲರೂ ಅವರ ಬಾಯನ್ನೇ ನೋಡುತ್ತಿದ್ದೆವು. ಅವರೋ ಅಂಟಕ್ಕನ ಮುಖ ನೋಡುತ್ತಿದ್ದರು.

ಅಂಟಕ್ಕ ಯಾರ ಮುಖವನ್ನೂ ನೋಡಲಿಲ್ಲ. ತಿರುಗಿ, ಮಿಕ್ಕ ಕಲ್ಲಿನ ರಾಶಿಯ ಕಡೆ ನಡೆದರು. ಪೊಳ್ಳಾಗಿದ್ದ ಕಲ್ಲಿನ ಒಂದು ಅಂಚು ಬಿಡಿಸುವಾಗ ಮುರಿದಿತ್ತು, ಅದನ್ನು ಮತ್ತೆ ಕೂರಿಸುವಂತಿರಲಿಲ್ಲ. ಅಳತೆ ತೆಗೆದುಕೊಳ್ಳಲಿಲ್ಲ, ರಟ್ಟು ಕತ್ತರಿಸಿ ಅಚ್ಚು ಮಾಡಲಿಲ್ಲ. ಕೈಕಟ್ಟಿ ರಾಶಿಯ ಸುತ್ತ ಒಂದು ಸುತ್ತು ಬಂದರು. ಬಗ್ಗಿ, ಕೆಳಗೆಲ್ಲೋ ಹೂತಿದ್ದ ಒಂದು ಕಲ್ಲನ್ನು ಎಳೆದರು. ಹೋಲಿಸಿ ನೋಡಲು ಕೂಡ ಮೇಲೆ ಹೋಗಲಿಲ್ಲ. ಅಂಚಿನ ಒಂದು ಮೂಗನ್ನು ಸುತ್ತಿಗೆಯಿಂದ ಚಕ್ಕೆ ಎಬ್ಬಿಸಿ, ಸೀದಾ ತಂದು ಗಂಡನ ಮುಂದೆ ಹಿಡಿದರು.

"ತೊಳೀರಿ," ಎಂದರು.

ಅಂಟಕ್ಕನ ಕಾಲ ಬುಡದಲ್ಲೇ ತುಂಬಿದ ಬಕೆಟ್ಟಿತ್ತು, ಬ್ರಷ್ಷೂ ಇತ್ತು. ತಾವೇ ತೊಳೆದುಕೊಳ್ಳಬಹುದಿತ್ತು. ಸೂಪರ್‌ವೈಸರ್ ದಾರಿ ಬಿಟ್ಟು ಪಕ್ಕಕ್ಕೆ ಸರಿದರು.

ಮೇಸ್ತ್ರಿ ಆ ಬಕೆಟ್ಟನ್ನು ಮುಟ್ಟಲಿಲ್ಲ. ಖಾಲಿ ಕೊಡ ಎತ್ತಿಕೊಂಡು, ಕುಂಟುತ್ತ ಆ ಕಡೆಯ ರಸ್ತೆಯ ನಲ್ಲಿಗೆ ಹೊರಟರು. ನಾನು ಕೈ ಚಾಚಿದೆ. "ಬೇಡಮ್ಮಾ," ಎಂದರು. ನೀರು ತಂದು, ನೆಲದ ಮೇಲೆ ಕಾಲು ಚಾಚಿ ಕುಳಿತು, ಕೂಸಿಗೆ ಎರೆಯುವ ಹಾಗೆ ಆ ಕಲ್ಲನ್ನು ಮಡಿಲಿಗೆ ಹಾಕಿಕೊಂಡು ಉಜ್ಜಿದರು. ಸುರಿದರು, ಉಜ್ಜಿದರು, ಮತ್ತೆ ಸುರಿದರು. ಕೊನೆಗೆ ಹೆಬ್ಬೆರಳನ್ನು ಒತ್ತಿ ಸವರಿ, ಆ ಬೆರಳನ್ನು ಹೆಂಡತಿಯ ಕಡೆ ಎತ್ತಿ ತೋರಿಸಿದರು. ಬೆರಳು ಸ್ವಚ್ಛವಾಗಿತ್ತು. ಅಂಟಕ್ಕ ಒಂದು ಸಲ ತಲೆಯಾಡಿಸಿ, ಕಲ್ಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಏಣಿ ಹತ್ತಿದರು.

ಆ ಕಲ್ಲು ಆ ಖಾಲಿ ಜಾಗದಲ್ಲಿ ಕೂತ ರೀತಿಯನ್ನು ನಾನು ಹೇಳಿದರೆ ಉತ್ಪ್ರೇಕ್ಷೆ ಎನ್ನುತ್ತೀರಿ. ಗಾರೆ ಬಳಿದರು, ಒತ್ತಿದರು, ಒಂಚೂರು ತಿರುಗಿಸಿದರು. ಅಷ್ಟೇ! ಸುತ್ತಲೂ ಒಂದೇ ಬೆರಳಿನಷ್ಟು ಸಂದು. ಸಾರುವೆಯವನು ಬಾಯಲ್ಲಿದ್ದ ಬೀಡಿಯನ್ನೂ ಮರೆತು ನೋಡುತ್ತಿದ್ದ.

ಆದರೆ ಗಾರೆ ಬಿಗಿಯಲು ಒಂದು ರಾತ್ರಿಯಾದರೂ ಬೇಕು, ತಟ್ಟಿ ನೋಡಲು ಬೆಳಗಾಗಬೇಕು. ಸಾರುವೆ ಇವತ್ತೇ ಬೇರೆ ಕಟ್ಟಡಕ್ಕೆ ಹೋಗಬೇಕು ಎಂದು ಸೂಪರ್‌ವೈಸರ್ ರಾಗ ಎಳೆದರು. ಅಂಟಕ್ಕ ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕುಳಿತುಬಿಟ್ಟರು. "ಬಿಚ್ಚೋದಾದ್ರೆ ನನ್ನನ್ನೂ ಸೇರಿಸಿ ಬಿಚ್ಕೊಂಡು ಹೋಗಿ. ಲಾರಿಯಲ್ಲಿ ಜಾಗ ಇದ್ಯಾ ನೋಡಿ."

ಎಲ್ಲರೂ ಗೊಳ್ಳೆಂದು ನಕ್ಕರು. ಕೊನೆಗೆ ದಾರಿ ತೋರಿಸಿದವನು ಸಾರುವೆಯವನೇ: ಬಾಗಿಲ ಮುಂದಿನ ಭಾಗವೊಂದನ್ನು ಬಿಟ್ಟು ಉಳಿದದ್ದನ್ನು ಇವತ್ತು ಬಿಚ್ಚುತ್ತೇನೆ, ಅದನ್ನು ನಾಳೆ ಒಯ್ಯುತ್ತೇನೆ ಎಂದ. ಸೂಪರ್‌ವೈಸರ್ ಹೂಂ ಎಂದರು. ಹೋಗುವ ಮುಂಚೆ ಮೇಸ್ತ್ರಿಯ ಹತ್ತಿರ ಬಂದು, "ನಲ್ಲಿ ನಿಂತ್ರೆ ನನಗೆ ಫೋನ್ ಮಾಡಿ, ನೀರು ತರಿಸ್ಕೊಡ್ತೀನಿ," ಎಂದಷ್ಟೇ ಹೇಳಿದರು. ಮೇಸ್ತ್ರಿ ಕೈಮುಗಿದು ಆ ಕಡೆ ತಿರುಗಿಕೊಂಡರು.

ಮಾರನೇ ದಿನ ಬೆಳಕು ಹರಿಯುವ ಮೊದಲೇ ನಾನೂ ಬಂದಿದ್ದೇನೆ. ಇದನ್ನು ನೋಡದೆ ಮನೆಯಲ್ಲಿ ಹೇಗಿರಲಿ? ಅಂಟಕ್ಕ ಗೋಡೆಗೆ ಕಿವಿ ಹಚ್ಚಿ ತಟ್ಟುತ್ತಾರೆ. ಪಕ್ಕದ ಕಲ್ಲು, ಹೊಸ ಕಲ್ಲು, ಮತ್ತೆ ಪಕ್ಕದ್ದು. ಕೆಳಗೆ ಮೇಸ್ತ್ರಿ ಕಣ್ಣು ಮುಚ್ಚಿ ನಿಂತಿದ್ದಾರೆ. "ಏನ್ರೀ?" ಎಂದು ಮೇಲಿಂದ ಕೂಗುತ್ತಾರೆ. ಕಣ್ಣು ತೆರೆದು, "ಗಟ್ಟಿ!" ಎಂದು ಇವರು ಕೂಗುತ್ತಾರೆ. ಸಾರುವೆಯ ಕೊನೆಯ ಪೈಪು ಲಾರಿ ಏರುತ್ತದೆ.

ನಿಮಗೇನಾದರೂ ಆಸೆ ಇದೆಯೇ ಎಂದು ವಾರದ ಹಿಂದೆ ಅಂಟಕ್ಕನನ್ನು ಕೇಳಿದ್ದೆ. "ನಾನು ಅಂಟಿಸಿದ ಒಂದು ಗೋಡೇನ ಪೂರ್ತಿ ನೋಡ್ಬೇಕು ಮೇಡಂ," ಎಂದಿದ್ದರು. ಕೆಲಸ ಮಾಡುವಾಗ ಗೋಡೆ ಮೂಗಿಗೆ ತಾಗುವಷ್ಟು ಹತ್ತಿರ. ಸಾರುವೆ ಬಿಚ್ಚುವ ಹೊತ್ತಿಗೆ ಇವರು ಮುಂದಿನ ಕಟ್ಟಡದಲ್ಲಿರುತ್ತಾರೆ. ಇಷ್ಟು ವರ್ಷದಲ್ಲಿ ಒಂದನ್ನೂ ದೂರ ನಿಂತು ನೋಡಿಲ್ಲ ಎಂದರೆ ನಂಬುತ್ತೀರಾ?

ಇವತ್ತು ಆ ಪೊಳ್ಳು ಕಲ್ಲಿನ ದೆಸೆಯಿಂದ ಇಲ್ಲೇ ಉಳಿದಿದ್ದಾರೆ. ಗಂಡ ಹೆಂಡತಿ ಎದುರು ರಸ್ತೆಯ ಅಂಗಡಿ ಮೆಟ್ಟಿಲ ಮೇಲೆ ಟೀ ಹಿಡಿದು ಕುಳಿತಿದ್ದಾರೆ. ಗೋಡೆಯ ಮೇಲೆ ಬಿಸಿಲು ಬೀಳುತ್ತಿದೆ. ಒಂದೊಂದು ಕಲ್ಲೂ ತನ್ನ ನೆರಳು ಹಿಡಿದುಕೊಂಡು ಎದ್ದು ಕಾಣುತ್ತಿದೆ. ಅಂಟಕ್ಕ ಗೋಡೆಯ ಈ ತುದಿಯಿಂದ ಆ ತುದಿಗೆ ಕಣ್ಣು ಹಾಯಿಸುತ್ತಾರೆ. "ಇಷ್ಟು ದೊಡ್ಡದಿತ್ತೇನ್ರೀ?" ಎನ್ನುತ್ತಾರೆ. ಕಣ್ಣು ತುಂಬಿರುವುದನ್ನು ಅವರು ಮುಚ್ಚಿಡುವುದಿಲ್ಲ.

ನಿನ್ನೆ ಹಾಕಿದ ಕಲ್ಲು ಯಾವುದು ಎಂದು ನಾನು ಕೇಳುತ್ತೇನೆ.

"ಅದೇ, ಬಾಗಿಲ ಮೇಲೆ, ಬಲಕ್ಕೆ ಮೂಗು ಚಾಚಿದೆಯಲ್ಲ, ಅದು," ಎನ್ನುತ್ತಾರೆ ಅಂಟಕ್ಕ.

"ಅದಲ್ಲ ಕಣೇ. ಅದರ ಕೆಳಗಿನದು. ನಾನು ತೊಳೆದಿದ್ದು ನನಗೆ ಗೊತ್ತಿಲ್ವಾ?"

"ನೀವು ಬೆನ್ನು ನೋಡಿರೋದು, ಮುಖ ಎಲ್ಲಿ ನೋಡಿದ್ರಿ?"

ಜಗಳ ಮುಗಿಯುವುದಿಲ್ಲ. ಅಂಟಕ್ಕ ಎದ್ದು ರಸ್ತೆಯ ಅಂಚಿಗೆ ಹೋಗಿ ಕೈ ಅಡ್ಡ ಹಿಡಿದು ನೋಡುತ್ತಾರೆ, ಹಿಂದಕ್ಕೆ ಬಂದು ನೋಡುತ್ತಾರೆ. ಅವರಿಗೂ ಸಿಗುವುದಿಲ್ಲ. ಆರಿದ ಟೀಯನ್ನು ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಡುತ್ತಾರೆ.

"ಹೋಗ್ಲಿ ಬಿಡಿ ಮೇಡಂ. ಯಾವುದು ಅಂತ ಗೊತ್ತಾಗ್ಬೇಕಾದ್ರೆ ಅದು ಬೀಳ್ಬೇಕು. ಅದು ಬೀಳಲ್ಲ."