ಅಮೃತಹಳ್ಳಿಯವರ ಹಳೇ ಫೋಟೋ

2014ರಲ್ಲಿ ನಾನು ಸಂಜಯನಗರದಲ್ಲಿ ಒಂಟಿ ಕೋಣೆಯೊಂದರಲ್ಲಿದ್ದೆ. ಗದಗದ ಕಡೆಯಿಂದ ಬಂದು ಎರಡು ವರ್ಷವಾಗಿದ್ದರೂ ಆ ಬೀದಿಯಲ್ಲಿ ನನ್ನೊಡನೆ ದಿನಾ ಮಾತಾಡುತ್ತಿದ್ದವರು ಹಾಲಿನ ಬೂತಿನವರೊಬ್ಬರೇ. ಅದೂ "ಅರ್ಧ ಲೀಟರಾ?" ಅನ್ನುವಷ್ಟು. ಆಫೀಸಿಲ್ಲದ ಭಾನುವಾರಗಳು ಕಳೆಯಲಿ ಎಂದು ತಾರಸಿ ತೋಟ ಮಾಡುವವರ ಕನ್ನಡ ವೆಬ್‌ಸೈಟೊಂದನ್ನು ನೋಡಿಕೊಳ್ಳಲು ಒಪ್ಪಿಕೊಂಡೆ. ನಾನೇನೂ ಒಂದು ತುಳಸಿ ನೆಟ್ಟವಳಲ್ಲ.

ಸೈಟು ಬಹಳ ನಿಧಾನವಾಗಿತ್ತು. ಸದಸ್ಯರ ಫೋಟೋಗಳು ಬೇರೆ ಯಾವುದೋ ಕಂಪನಿಯ ಸರ್ವರಿನಲ್ಲಿದ್ದವು; ಅಲ್ಲಿ ಒಮ್ಮೆ ಹಾಕಿದ ಫೋಟೋ ಅವರು ಬರೆಯುವ ಎಲ್ಲ ಸೈಟುಗಳಲ್ಲೂ ಕಾಣುತ್ತಿತ್ತು. ಒಂದು ಪುಟದಲ್ಲಿ ನಲವತ್ತು ಜನ ಬರೆದಿದ್ದರೆ ನಲವತ್ತು ಫೋಟೋಗಳೂ ಪ್ರತಿ ಸಲ ಅಲ್ಲಿಂದಲೇ ಬರಬೇಕು. ಒಂದೊಂದನ್ನೂ ಒಮ್ಮೆ ತಂದು, ಸಣ್ಣ ಪ್ರತಿ ಮಾಡಿ, ನಮ್ಮಲ್ಲೇ ಇಟ್ಟುಕೊಳ್ಳುವ ಪ್ರೋಗ್ರಾಂ ಬರೆದೆ. ಪುಟ ತಟಕ್ಕನೆ ತೆರೆದುಕೊಂಡಿತು. ಖುಷಿಯಲ್ಲಿ ತಿರುಗಿ ನೋಡಿದೆ, ಹೇಳಲು ಕೋಣೆಯಲ್ಲಿ ಯಾರೂ ಇರಲಿಲ್ಲ.

ಕೆಲವು ತಿಂಗಳ ಮೇಲೆ ಅಮೃತಹಳ್ಳಿಯ ಸದಸ್ಯರೊಬ್ಬರು ಫೋನ್ ಮಾಡಿದರು. ಕಾರ್ಖಾನೆಯಿಂದ ನಿವೃತ್ತರಾದವರು. ಅವರ ಫೋಟೋ ನನಗೆ ನೆನಪಿತ್ತು: ಗಂಡ ಹೆಂಡತಿ ಬದನೆ ಗಿಡದ ಪಕ್ಕ ಕೂತಿದ್ದರು, ಆಕೆ ಕಣ್ಣು ಮುಚ್ಚಿ ನಗುತ್ತಿದ್ದರು.

"ಫೋಟೋ ಬದಲಾಯಿಸಿ ಎರಡು ವಾರ ಆಯ್ತಮ್ಮ. ಎಲ್ಲಾ ಕಡೆ ಹೊಸದು ಬರ್ತಿದೆ, ನಿಮ್ಮ ಸೈಟಲ್ಲಿ ಮಾತ್ರ ಹಳೇದೇ ಇದೆ."

ತಪ್ಪು ನನ್ನದೇ. ಫೋಟೋ ತಂದಿಡುವುದನ್ನು ಬರೆದಿದ್ದೆ, ಅದು ಬದಲಾಗಿದೆಯೇ ಎಂದು ಮತ್ತೆ ನೋಡುವುದನ್ನು ಬರೆದಿರಲಿಲ್ಲ.

"ನಮ್ಮನೆಯವ್ರು ಹೋಗ್ಬಿಟ್ರು," ಅಂದರು. "ಟೊಮೆಟೊ ಹುಳದ ಬಗ್ಗೆ ಬರೆಯೋಕ್ ಹೋದ್ರೂ ಪಕ್ಕದಲ್ಲಿ ಅವಳು ನಗ್ತಾ ಕೂತಿರ್ತಾಳೆ. ನೋಡಕ್ಕಾಗಲ್ಲ. ತೆಗೆದ್ಬಿಡಿ."

ಅವತ್ತೇ ಅಳಿಸಿದೆ. ವಾರಕ್ಕೊಮ್ಮೆ ಎಲ್ಲರ ಫೋಟೋ ಹೊಸದಾಗಿ ತರುವಂತೆಯೂ ಮಾಡಿದೆ. ನನ್ನ ಅರೆಬರೆ ಕೆಲಸ ಅವರನ್ನು ಎರಡು ವಾರ ನೋಯಿಸಿತ್ತಲ್ಲ ಎಂದು ನಾಚಿಕೆಯಾಯಿತು.

ಮಳೆಗಾಲ ಮುಗಿದ ಮೇಲೆ ಅವರೇ ಮತ್ತೆ ಫೋನ್ ಮಾಡಿದರು. ಬಹಳ ಹೊತ್ತು ಗಿಡಗಳ ಸುದ್ದಿ ಹೇಳಿ, ಆಮೇಲೆ ಕೇಳಿದರು: "ಅವತ್ತು ಅಳಿಸಿದ್ರಲ್ಲ, ಅದು ಎಲ್ಲಾದ್ರೂ ಇದ್ಯಾ? ನನ್ನ ಫೋನ್ ಕೆಟ್ಟೋಯ್ತು. ಬೇರೆ ಫೋಟೋದಲ್ಲೆಲ್ಲಾ ಅವಳು ಬಿಗಿಯಾಗಿ ನಿಂತಿದ್ದಾಳೆ."

ಸೈಟಿನ ಹಳೆಯ ಬ್ಯಾಕಪ್‌ನಲ್ಲಿ ಹುಡುಕಿದೆ. ಸಿಕ್ಕಿತು, ಆದರೆ ಸಿಕ್ಕಿದ್ದು ನಾನೇ ಮಾಡಿದ್ದ ಸಣ್ಣ ಪ್ರತಿ. ದೊಡ್ಡದು ಮಾಡಿದರೆ ಮುಖವೆಲ್ಲ ಚೌಕ ಚೌಕ. ಆರ್.ಟಿ. ನಗರದ ಸ್ಟುಡಿಯೋದಲ್ಲಿ ಅಂಚೆಚೀಟಿಯಷ್ಟೇ ಪ್ರಿಂಟ್ ಹಾಕಿಸಿ, ಭಾನುವಾರ ಅಮೃತಹಳ್ಳಿಗೆ ಹೋದೆ.

ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. "ಹೂಂ, ಇವಳೇ," ಅಂದರು. ನಾನು ಬಂದ ಕೆಲಸ ಮುಗಿದಿತ್ತು. ಎದ್ದು ಹೋಗಲು ಮಾತ್ರ ನನಗೆ ಮನಸ್ಸಿರಲಿಲ್ಲ. ಅದು ಅವರಿಗೆ ತಿಳಿಯಿತೋ ಏನೋ, "ಮುಂದಿನ ವಾರಾನೂ ಬನ್ನಿ," ಅಂದರು.

ನಾಲ್ಕು ಭಾನುವಾರ ಹೋದೆ. ತಾರಸಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆವು. ಅವರು ಹೆಂಡತಿಯ ವಿಷಯ ಹೇಳುತ್ತಿದ್ದರು, ನಾನು ಕೇಳುತ್ತಿದ್ದೆ. ಐದನೆಯ ವಾರ, ಶನಿವಾರವೇ ಫೋನ್ ಬಂತು. ಮೈಸೂರಿನ ತಂಗಿ ಮನೆಗೆ ಹೊರಟಿದ್ದರು, ಗಿಡಗಳನ್ನು ಪಕ್ಕದವರಿಗೆ ಕೊಟ್ಟಾಗಿತ್ತು.

"ಒಳ್ಳೇದಾಯ್ತು ಸರ್," ಅಂದೆ.

ಮರುದಿನ ಬೆಳಿಗ್ಗೆ ತಲೆ ಬಾಚಿ, ಚಪ್ಪಲಿ ಮೆಟ್ಟಿ, ಬಸ್‌ಸ್ಟಾಪಿನವರೆಗೂ ನಡೆದು ಹೋಗಿದ್ದೆ. ಬಸ್ಸು ಬಂದು ನಿಂತಾಗಲೇ ನೆನಪಾದದ್ದು.